ಬಣ್ಣದ ಸೋಡಾ ಬುಟ್ಟ ಕಥೆ

ಮೊನ್ನೆ ಭಾನುವಾರ ನಮ್ಮೆಜಮಾನ್ರ ಚಿಕ್ಕಮ್ಮ ಮನೆಗೆ ಬಂದಿದ್ರು. ಉರಿ ಬಿಸ್ಲು. ಕೈಕಾಲು ತೊಳ್ಕಂಡು ಒಳಕ್ಕೆ ಬಂದು ಫ್ಯಾನಿನ ಕೆಳಗೆ ಕುಂತ್ಕಂಡ್ರು. ನಾನು ಶುಂಠಿ ಜಜ್ಜಿ ಹಾಕಿ, ಕೊತ್ತಂಬ್ರಿ ಸೊಪ್ಪು ಉದುರ್ಸಿ, ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟೆ. ಕುಡುದ್ರು, ಚೆಂದಾಗದೆ ಅಂತಾನೂ ಅಂದ್ರು. ಎರಡು ದಿನ ಆದ್ಮೇಲೆ ನಮ್ಮ ನಾದಿನಿ ಫೋನ್ ಮಾಡಿ ನಗಾಡ್ತಾ ಹೇಳಿದ್ಲು: "ಅತ್ಗೆ, ಚಿಕ್ಕಮ್ಮ ಎಲ್ಲಾರ ಮನೇಲೂ ಹೇಳ್ಕಂಡು ಬತ್ತಾವ್ರೆ. ಮಗ ಬೆಂಗ್ಳೂರಲ್ಲಿ ಅಷ್ಟೊಂದು ಸಂಪಾದ್ನೆ ಮಾಡ್ತಾವ್ನೆ, ನಂಗೆ ಬರೀ ನೀರ್ಮಜ್ಜಿಗೆ ಕೊಟ್ಟು ಕಳಿಸ್ಬುಟ್ಲು, ಒಂದು ಬಾಟ್ಲಿ ತರ್ಸಕ್ಕೂ ಗತಿ ಇರ್ನಿಲ್ವಾ ಅಂತ."

ಬಾಟ್ಲಿ ಅಂದ್ರೆ ಗಂಡಸ್ರ ಬಾಟ್ಲಿ ಅಲ್ಲ ಮತ್ತೆ. ನಮ್ಮ ಕಡೆ ಜೂಸು, ಕೂಲ್‌ಡ್ರಿಂಕ್ಸು ಅಂತ ಕರೀತೀವಲ್ಲ, ಆ ಬಣ್ಣದ ಸೋಡಾ.

ನಂಗೆ ಮೊದ್ಲು ಕೋಪ ಬಂತು. ಆಮೇಲೆ ಕುಂತ್ಕಂಡು ಯೋಚ್ನೆ ಮಾಡುದ್ರೆ ಚಿಕ್ಕಮ್ಮನ ತಪ್ಪೇನೂ ಇಲ್ಲ ಅನ್ನುಸ್ತು. ಹೋದ ವರ್ಸದವರ್ಗೂ ನಮ್ಮನೆ ಫ್ರಿಜ್ಜಿನ ಬಾಗ್ಲಲ್ಲಿ ಎರಡು ಲೀಟ್ರಿನ ಬಾಟ್ಲಿ ಇಲ್ದ ದಿನಾನೇ ಇರ್ನಿಲ್ಲ. ನೆಂಟ್ರು ಬಂದ್ರೆ ತಟ್ಟೇಲಿ ಲೋಟ ಇಟ್ಕಂಡು ಬುಸ್ ಅಂತ ನೊರೆ ಬರೋ ಹಂಗೆ ಬಗ್ಸಿ ಕೊಡ್ತಿದ್ದೋಳು ನಾನೇ. ಅದನ್ನ ಯಾಕೆ ಬುಟ್ಟೆ ಅಂತ ಒಬ್ಬೊಬ್ರಿಗೂ ಹೇಳ್ಕಂಡು ಕೂರೋಕಾಗಲ್ಲ. ಅದ್ಕೇ ಇಲ್ಲಿ ಒಂದೇ ಸಲ ಬರ್ದು ಬುಡ್ತೀನಿ, ಓದ್ಕಳ್ಳಿ.

ನಾವು ಚಿಕ್ಕೋರಿದ್ದಾಗ ಸೋಡಾ ಅಂದ್ರೆ ಗೋಲಿ ಸೋಡಾ. ಜಾತ್ರೇಲಿ, ಮದ್ದೂರು ಬಸ್‌ಸ್ಟ್ಯಾಂಡಲ್ಲಿ ಸಿಕ್ತಿತ್ತು. ಹಸ್ರು ಗಾಜಿನ ಬಾಟ್ಲಿ, ಕತ್ತಲ್ಲಿ ಒಂದು ಗೋಲಿ. ಹೆಬ್ಬೆಟ್ಟಲ್ಲಿ ಒತ್ತುದ್ರೆ ಪಟ್ ಅಂತ ಸದ್ದು. ಆ ಬಾಟ್ಲಿ ಕಂಡುಹಿಡ್ದೋನು ಹೈರಮ್ ಕಾಡ್ ಅನ್ನೋ ಇಂಗ್ಲೆಂಡಿನೋನು, 1872ರಲ್ಲಿ, ಅಂತ ನನ್ನ ಮಗಳು ಹೇಳಿದ್ಲು. ನಮ್ಗೆ ಆ ಸೋಡಾ ಸಿಕ್ತಿದ್ದದ್ದು ವರ್ಸಕ್ಕೊಂದು ಸಲ, ಅದೂ ಒಂದು ಬಾಟ್ಲೀಲಿ ಮೂರು ಜನ. ಬಣ್ಣದ ಬಾಟ್ಲಿ ಇನ್ನೂ ದೂರ. ಮದ್ವೆ ಮನೇಲಿ ಗಂಡಿನ ಕಡೆಯೋರಿಗೆ ಮಾತ್ರ ಗೋಲ್ಡ್ ಸ್ಪಾಟ್ ತಂದಿಡ್ತಿದ್ರು. ಉಳ್ದೋರಿಗೆಲ್ಲ ಪಾನಕ. ಬೀಗ್ರು ಕುಡ್ದು ಇಟ್ಟ ಬಾಟ್ಲಿ ತಳದಲ್ಲಿ ಒಂದು ಗುಟುಕು ಉಳ್ದಿದ್ರೆ ನಾವು ಹುಡುಗ್ರು ಕಿತ್ತಾಡ್ತಿದ್ದೋ. ಆಗ್ಲೇ ನಮ್ಮ ತಲೇಲಿ ಕುಂತ್ಕಬುಡ್ತು, ಬಾಟ್ಲಿ ಅಂದ್ರೆ ಮರ್ಯಾದೆ, ಪಾನಕ ಅಂದ್ರೆ ಬಡ್ತನ ಅಂತ.

ಕೋಕಾ ಕೋಲಾ 1977ರಲ್ಲಿ ನಮ್ಮ ದೇಶ ಬುಟ್ಟು ಹೋಗಿ 1993ರಲ್ಲಿ ವಾಪಸ್ ಬಂತು. ಅಲ್ಲಿಂದ ಮುಂದಕ್ಕೆ ಬಣ್ಣದ ಬಾಟ್ಲಿ ಹಳ್ಳಿಹಳ್ಳಿಗೂ ಬಂತು. ನಮ್ಮ ಸೋಮನಹಳ್ಳಿ ಬೆಂಗ್ಳೂರು ಮೈಸೂರು ರೋಡಿನ ಮಗ್ಗಲಲ್ಲೇ ಇರೋದ್ರಿಂದ ಅಂಗ್ಡಿ ಬಾಗ್ಲಲ್ಲೆಲ್ಲ ಅದೇ. ಬರ್ತಾ ಬರ್ತಾ ಬೀಗರೂಟ ಅಂದ್ರೆ ಮುದ್ದೆ, ಬೋಟಿ ಗೊಜ್ಜು, ಮಟನ್ನು ಎಷ್ಟು ಮುಖ್ಯಾನೋ, ಊಟ ಮುಗುದ್ಮೇಲೆ ಕೈಗೊಂದು ಬಾಟ್ಲಿನೂ ಅಷ್ಟೇ ಮುಖ್ಯ ಆಗೋಯ್ತು.

ನಂಗೆ ಚಟ ಆದದ್ದು ಮಾತ್ರ ಮನೇಲಿ. ಮಧ್ಯಾಹ್ನ ಊಟ ಆದ್ಮೇಲೆ ಹೊಟ್ಟೆ ಭಾರ, ಗ್ಯಾಸು ಅನ್ನುಸ್ತಿತ್ತು. ಒಂದು ಲೋಟ ಕರೀ ಸೋಡಾ ಕುಡುದ್ರೆ ಒಂದು ದೊಡ್ಡ ತೇಗು ಬರೋದು, ಆಹಾ ಜೀರ್ಣ ಆಯ್ತು ಅನ್ಕಳ್ತಿದ್ದೆ. ಸಾಯಂಕಾಲ ಹಿಟ್ಟು ಬೀಸ್ಕಂಡು, ಹಸಾ ಕರ್ಕಂಡು ಸುಸ್ತಾದ್ಮೇಲೆ ಇನ್ನೊಂದು ಲೋಟ. ಟೀ ಕುಡೀವಾಗ ಮಾತ್ರ "ನಂಗೆ ಸಕ್ರೆ ಅರ್ಧ ಚಮ್ಚ ಸಾಕು" ಅಂತ ಎಲ್ಲಾರ ಮುಂದೆ ಹೇಳ್ಕಳ್ತಿದ್ದೆ!

ಹೋದ ವರ್ಸ ಆಶಾ ಕಾರ್ಯಕರ್ತೆ ಮನೆಗೆ ಬಂದ್ಲು. ಮೂವತ್ತು ವರ್ಸ ದಾಟ್ದೋರಿಗೆಲ್ಲ ಬಿ.ಪಿ., ಸಕ್ರೆ ನೋಡ್ತೀವಿ ಕಣಕ್ಕ, ಬೆರಳು ಕೊಡಿ ಅಂದ್ಲು. ನೋಡಿ ಸುಮ್ನಾದ್ಲು. "ನಾಳೆ ಖಾಲಿ ಹೊಟ್ಟೇಲಿ ಮದ್ದೂರಿಗೆ ಹೋಗಿ ರಕ್ತ ಕೊಟ್ಟು ಬನ್ನಿ" ಅಂದ್ಲು. ಕೊಟ್ಟೆ. ಖಾಲಿ ಹೊಟ್ಟೇಲಿ 118. ಮೂರು ತಿಂಗ್ಳ ಸರಾಸರಿ ಹೇಳ್ತದಲ್ಲ, ಆ ಟೆಸ್ಟಲ್ಲಿ 6.2. ಡಾಕ್ಟ್ರಮ್ಮ ಚೀಟಿ ಹಿಂದೆ ಬರ್ದು ತೋರ್ಸುದ್ರು: ಖಾಲಿ ಹೊಟ್ಟೇಲಿ 100ರ ಒಳಗಿದ್ರೆ ಸರಿ, 126 ದಾಟುದ್ರೆ ಸಕ್ರೆ ಕಾಯ್ಲೆ. ಇನ್ನೊಂದು ಟೆಸ್ಟಲ್ಲಿ 5.7ರ ಒಳಗಿದ್ರೆ ಸರಿ, 6.5 ಮುಟ್ಟುದ್ರೆ ಕಾಯ್ಲೆ. "ನೀವು ಹೊಸ್ತಿಲ ಮೇಲೆ ನಿಂತಿದ್ದೀರಮ್ಮ. ಒಳಕ್ಕೆ ಹೋಗ್ದೆ ವಾಪಸ್ ಬರಬಹುದು. ದಿನಾ ಏನೇನು ತಿಂತೀರಿ, ಕುಡೀತೀರಿ ಹೇಳಿ" ಅಂದ್ರು. ನಾನು ಮುದ್ದೆ, ಅನ್ನ, ಸಾರು, ಟೀ ಎಲ್ಲಾ ಹೇಳಿದೆ. ಸೋಡಾ ಹೇಳ್ನಿಲ್ಲ. ಮುಚ್ಚಿಡ್ಬೇಕು ಅಂತಲ್ಲ, ಅದು ಲೆಕ್ಕಕ್ಕೇ ಬರ್ನಿಲ್ಲ. ನೀರು ಕುಡೀತೀನಿ ಅಂತ ಯಾರಾದ್ರೂ ಡಾಕ್ಟ್ರಿಗೆ ಹೇಳ್ತಾರಾ, ಹಂಗೆ.

ಹಿಡ್ಕಂಡದ್ದು ನನ್ನ ಮಗಳು. ಶನಿವಾರ ಬಂದೋಳು ಫ್ರಿಜ್ ತೆಗ್ದು ಬಾಟ್ಲಿ ಹಿಂದಿನ ಸಣ್ಣ ಅಕ್ಷರ ಓದಿದ್ಲು. 100 ಮಿಲಿಗೆ ಹೆಚ್ಚುಕಮ್ಮಿ 11 ಗ್ರಾಂ ಸಕ್ರೆ. ಬಾಯಲ್ಲಿ ಹೇಳ್ದೆ ಡಬ್ಬದಿಂದ ಸಕ್ರೆ ತಗ್ದು ತಟ್ಟೇಲಿ ತೂಗಿ ಸುರುದ್ಲು. ಎರಡು ಲೀಟ್ರು ಬಾಟ್ಲಿಗೆ 220 ಗ್ರಾಂ. ಕಾಲು ಕೆಜಿಗೆ 30 ಗ್ರಾಂ ಕಮ್ಮಿ, ಅಷ್ಟೇ. ಆಮೇಲೆ ಬೇರೆ ತಟ್ಟೇಲಿ ನಾನು ದಿನಾ ಕುಡಿಯೋ ಎರಡು ಲೋಟದ್ದು: 44 ಗ್ರಾಂ, ಚಮ್ಚ ಲೆಕ್ಕದಲ್ಲಿ 11 ಚಮ್ಚ. ವಿಶ್ವ ಆರೋಗ್ಯ ಸಂಸ್ಥೆಯೋರು ದಿನಕ್ಕೆ ಆರು ಚಮ್ಚದ ಒಳಗಿದ್ರೆ ಒಳ್ಳೇದು ಅಂತಾರಂತೆ, ಎಲ್ಲಾ ಸೇರಿ. ನಾನು ಟೀಗೆ ಅರ್ಧ ಚಮ್ಚ ಸಾಕು ಅನ್ನೋಳು! ಆ ತಟ್ಟೆ ನೋಡಿ ನಮ್ಮೆಜಮಾನ್ರು "ಕಬ್ಬು ಬೆಳ್ದು ಗಾಡೀಲಿ ಕಳಿಸ್ತೀವಿ, ಬಾಟ್ಲೀಲಿ ವಾಪಸ್ ಬತ್ತಾ ಅದೆ ನೋಡು" ಅಂದ್ರು. ನಿಜಾನೇ. ಮಂಡ್ಯದ ಸಕ್ರೆ ಕಂಪ್ನಿ ಹುಟ್ಟಿದ್ದು 1933ರಲ್ಲಿ, ನಮ್ಮ ತಾತನ ಕಾಲದಿಂದ ಕಬ್ಬಿನ ದುಡ್ಡಲ್ಲೇ ಮನೆ ನಡ್ದದ್ದು. ಸಕ್ರೇನ ಬೈಯೋಕೆ ನಮ್ಗೆ ಬಾಯಿ ಬರಲ್ಲ.

ಅವತ್ತಿಂದ ಬುಡೋಕೆ ಶುರು ಮಾಡಿದೆ. ಒಂದೇ ಸಲ ಬುಟ್ಟೆ, ಅದು ತಪ್ಪಾಯ್ತು. ಮೂರು ದಿನ ತಲೆನೋವು, ಯಾರು ಮಾತಾಡ್ಸುದ್ರೂ ಸಿಡುಕು. ಕರೀ ಸೋಡಾದಲ್ಲಿ ಕಾಫೀಲಿರೋ ಕೆಫೀನೇ ಇರ್ತದಂತೆ, ದಿನಾ ಕುಡ್ದು ತಟ್ಟನೆ ನಿಲ್ಸುದ್ರೆ ಹಿಂಗಾಗ್ತದಂತೆ. ನಾಕನೇ ದಿನ ಅರ್ಧ ಲೋಟ ಕುಡುದ್ಬುಟ್ಟೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಒಂದು ವಾರ ದಿನಕ್ಕೊಂದು ಲೋಟ, ಇನ್ನೊಂದು ವಾರ ಅರ್ಧ, ಹಿಂಗೆ ಇಳಿಸ್ಕಂಡು ಬಂದೆ. ಮನೇಗೆ ತರೋದನ್ನೇ ನಿಲ್ಸುದ್ಮೇಲೆ ಸಲೀಸಾಯ್ತು. ಫ್ರಿಜ್ಜಲ್ಲಿ ಇಟ್ಕಂಡು ಕುಡೀಬಾರ್ದು ಅಂದ್ರೆ ಯಾರ ಕೈಲೂ ಆಗಲ್ಲ.

ಗ್ಯಾಸಿನ ಮಾತೂ ಹೇಳ್ಬುಡ್ತೀನಿ, ನಮ್ಮಲ್ಲಿ ಎಲ್ಲಾರೂ ಅದ್ಕೇ ಕುಡಿಯೋದು. ಸೋಡಾ ಕುಡುದ್ರೆ ಬರೋ ತೇಗು ಊಟ ಅರಗಿದ್ದಕ್ಕಲ್ಲ, ಆ ಸೋಡಾದಲ್ಲೇ ತುಂಬಿರೋ ಗ್ಯಾಸು ವಾಪಸ್ ಬರೋದು. ನಾವು ಗ್ಯಾಸು ಕುಡ್ದು ಗ್ಯಾಸು ಹೋಯ್ತು ಅಂತ ಖುಷಿ ಪಡ್ತಿದ್ದೋ. ಬಣ್ಣ ಇಲ್ದ ಬರೀ ಸೋಡಾದಲ್ಲಿ ಸಕ್ರೆ ಇಲ್ಲ, ಅದು ಬೇರೆ. ಆದ್ರೆ ಅದ್ಕೆ ಉಪ್ಪು ಸುರ್ಕಂಡು ಕುಡಿಯೋರು ಬಿ.ಪಿ. ಇದ್ರೆ ವಸಿ ನೋಡ್ಕಳ್ಳಿ. ನಾನೀಗ ಊಟ ಆದ್ಮೇಲೆ ಜೀರಿಗೆ ಕುದ್ಸಿದ ನೀರು ಕುಡೀತೀನಿ, ಹಿತ್ಲಲ್ಲಿ ಹತ್ತು ನಿಮಿಷ ಓಡಾಡ್ತೀನಿ. ಸಾಕು.

ಇಷ್ಟೇ ಆಗಿದ್ರೆ ನಾನು ಇಷ್ಟುದ್ದ ಬರೀತಿರ್ನಿಲ್ಲ. ಬುಟ್ಟು ಎರಡು ತಿಂಗ್ಳಿಗೆ ಒಂದು ಬೀಗರೂಟಕ್ಕೆ ಹೋಗಿದ್ದೋ. ಊಟ ಆಯ್ತು, ಕೈ ತೊಳ್ಕಂಡು ಬತ್ತಿದ್ದಂಗೆ ಒಬ್ಬಾಕೆ ಕೈಗೆ ಬಾಟ್ಲಿ ತುರುಕುದ್ಲು. ಬ್ಯಾಡ ಕಣವ್ವ ಅಂದೆ. "ಅಯ್ಯೋ, ಮದ್ವೆ ಮನೇಲಿ ಬ್ಯಾಡ ಅನ್ಬಾರ್ದು ಕಣಕ್ಕ, ನಮ್ಮನೇದು ಆಗಲ್ವಾ?" ಅಂದ್ಲು. ಅಷ್ಟು ಜನದ ಮುಂದೆ ಏನು ಮಾಡ್ಲಿ, ಇಸ್ಕಂಡೆ. ಇಸ್ಕಂಡು, ನಾನು ಕುಡೀನಿಲ್ವಲ್ಲ ಅಂತ ಒಳಗೊಳಗೇ ಬೀಗ್ತಾ, ಮುಚ್ಚಳ ತೆಗ್ದು ಮೂರು ವರ್ಸದ ಮೊಮ್ಮಗಳ ಕೈಗೆ ಕೊಟ್ಟೆ. "ಕುಡಿ ಮಗಾ" ಅಂತ ಬೇರೆ ಹೇಳಿದೆ.

ಅದು ಎರಡು ಕೈಲೂ ಬಾಟ್ಲಿ ಹಿಡ್ಕಂಡು ಗಟಗಟ ಕುಡೀತಾ ನನ್ನ ಮೊಕ ನೋಡಿ ನಗ್ತು. ನಂಗೆ ನಮ್ಮವ್ವ ಗ್ಯಾಪ್ಕಕ್ಕೆ ಬಂದ್ಬುಟ್ಲು.

ನಮ್ಮವ್ವಂಗೆ ಸಕ್ರೆ ಕಾಯ್ಲೆ ಇತ್ತು. ಮೊದ್ಲು ಕಾಲಿನ ಒಂದು ಬೆರಳು ಹೋಯ್ತು, ಆಮೇಲೆ ಪಾದ. 2011ರಲ್ಲಿ ತೀರ್ಕಂಡ್ಲು. ತವರು ಮಳವಳ್ಳಿ ಕಡೆ, ನಾನು ಹದಿನೈದು ದಿನಕ್ಕೊಂದು ಸಲ ಮದ್ದೂರಿಂದ ಕೆ.ಎಂ. ದೊಡ್ಡಿ ಮೇಲೆ ಬಸ್ಸಲ್ಲಿ ಹೋಗ್ತಿದ್ದೆ. ಹೋಗುವಾಗೆಲ್ಲ ಬಸ್‌ಸ್ಟ್ಯಾಂಡಲ್ಲಿ ಒಂದು ಕಿತ್ತಳೆ ಬಣ್ಣದ ಬಾಟ್ಲಿ ತಕ್ಕಂಡು, ಬಿಸಿ ಆಗ್ದಿರ್ಲಿ ಅಂತ ಒದ್ದೆ ಟವಲ್ ಸುತ್ಕಂಡು ಹೋಗ್ತಿದ್ದೆ. ಅವ್ವಂಗೆ ಅದಂದ್ರೆ ಪ್ರಾಣ. ಮುದ್ದೆ ಸಪ್ಪೆ, ಸಾರು ಸಪ್ಪೆ, ಬಾಯಿಗೆ ಏನೂ ರುಚಿ ಇಲ್ಲ, ಪಾಪ ಇದೊಂದಾದ್ರೂ ಕುಡೀಲಿ ಅಂತ ನನ್ನಾಸೆ. ಡಾಕ್ಟ್ರು ಸಿಹಿ ಕೊಡ್ಬ್ಯಾಡಿ ಅಂದಿದ್ರು. ನಾನು ಮೈಸೂರುಪಾಕು ಒಯ್ನಿಲ್ಲ, ಲಾಡು ಒಯ್ನಿಲ್ಲ. ಬಾಟ್ಲಿ ಒಯ್ದೆ. ಅವ್ವನೂ ನಾನು ಬರೋ ದಾರಿ ನೋಡ್ಕಂಡು ಜಗ್ಲಿ ಮೇಲೆ ಕುಂತಿರ್ತಿದ್ಲು.

ಅದೊಂದರಿಂದ್ಲೇ ಅವ್ವನ ಕಾಲು ಹೋಯ್ತು ಅಂತ ನಾನು ಹೇಳಲ್ಲ. ಮಾತ್ರೆ ಸರಿಯಾಗಿ ನುಂಗ್ತಿರ್ನಿಲ್ಲ, ಬರಿಗಾಲಲ್ಲಿ ಹೊಲಕ್ಕೆ ಹೋಗ್ತಿದ್ಲು, ಗಾಯ ಆದ್ರೆ ಅರಿಸ್ನ ಹಾಕ್ಕಂಡು ಸುಮ್ನಿರ್ತಿದ್ಲು. ಆದ್ರೆ ಪ್ರೀತಿ ಅಂತ ನಾನು ಟವಲ್ಲಲ್ಲಿ ಸುತ್ಕಂಡು ಹೋದದ್ದು ಏನು ಅಂತ ಆ ಬೀಗರೂಟದಲ್ಲಿ, ಮೊಮ್ಮಗಳ ಮೊಕ ನೋಡ್ವಾಗ ಗೊತ್ತಾಯ್ತು. ಬಾಟ್ಲಿ ಇಸ್ಕಳೋಕೆ ಹೋದ್ರೆ ಕೂಸು ಕಿರುಚಾಡ್ತು. ಸುತ್ತ ಇದ್ದೋರೆಲ್ಲ "ಕೂಸಿನ ಕೈದು ಕಿತ್ಕಬ್ಯಾಡ ಬುಡವ್ವ" ಅಂದ್ರು. ಕಿತ್ಕಂಡೆ. ಅವತ್ತು ರಾತ್ರಿ ನಿದ್ದೆ ಬರ್ನಿಲ್ಲ.

ಆಗ ಅರ್ಥ ಆದದ್ದು ಇಷ್ಟೇ. ನಾಲಿಗೆ ಚಟ ಬುಡೋದು ಒಂದು ತಿಂಗ್ಳ ಕೆಲ್ಸ. ಕೊಡೋ ಚಟ ಬುಡೋದೇ ಕಷ್ಟ. ನೆಂಟ್ರಿಗೆ, ಮಕ್ಳಿಗೆ, ಕಾಯ್ಲೆಯೋರಿಗೆ ಬರಿಗೈಲಿ ಹೆಂಗೆ ಇರೋದು? ಆ ಜಾಗಕ್ಕೆ ಬೇರೆ ಏನಾದ್ರೂ ತಂದಿಡ್ಲೇಬೇಕು.

ನಮ್ಮ ಮದ್ದೂರಿನ ಎಳನೀರು ಮಾರ್ಕೆಟ್ ಎಷ್ಟು ದೊಡ್ಡದು ಅಂತ ನಿಮ್ಗೆಲ್ಲ ಗೊತ್ತೇ ಅದೆ. ಅಲ್ಲಿಂದ ಮುಂಬೈ, ಡೆಲ್ಲಿವರ್ಗೂ ಲಾರಿ ಹೋಗ್ತವೆ. ನಮ್ಮ ತೋಟದ ಎಳನೀರು ಅಲ್ಲಿಯೋರು ದುಡ್ಡು ಕೊಟ್ಟು ಕುಡೀತಾರೆ, ನಾವು ಅದೇ ದುಡ್ಡಲ್ಲಿ ಬಾಟ್ಲಿ ತಂದು ಕುಡೀತಿದ್ದೋ. ಈಗ ಪ್ರತಿ ಸಲ ಕಾಯಿ ಇಳಿಸ್ವಾಗ ಒಂದು ಗೊನೆ ಮನೇಗೆ ಅಂತ ಇಟ್ಕಳ್ತೀವಿ. ಎಳನೀರಲ್ಲೂ ವಸಿ ಸಕ್ರೆ ಅದೆ, ಆದ್ರೆ ಬಾಟ್ಲಿಯಷ್ಟಿಲ್ಲ. ಕಿಡ್ನಿ ತೊಂದ್ರೆ ಇರೋರು ಮಾತ್ರ ಡಾಕ್ಟ್ರನ್ನ ಕೇಳೇ ಕುಡೀಬೇಕು, ಅದ್ರಲ್ಲಿ ಪೊಟ್ಯಾಸಿಯಂ ಜಾಸ್ತಿ. ಇಲ್ದಿದ್ರೆ ಮಜ್ಜಿಗೆ, ರಾಗಿ ಅಂಬ್ಲಿ, ನಿಂಬೆಹಣ್ಣಿನ ನೀರಿಗೆ ಚಿಟಿಕೆ ಉಪ್ಪು. ಬೆಲ್ಲದ ಪಾನಕ ಮಾಡಿ ಇದು ಸಕ್ರೆ ಅಲ್ಲ ಅಂತ ಕುಡೀಬ್ಯಾಡಿ, ಸಕ್ರೆ ಕಾಯ್ಲೆಗೆ ಬೆಲ್ಲನೂ ಒಂದೇ. ರಾಮನವಮಿಗೆ ಒಂದು ಲೋಟ ಸಾಕು.

ಆರು ತಿಂಗ್ಳು ಆದ್ಮೇಲೆ ಮತ್ತೆ ರಕ್ತ ಕೊಟ್ಟೆ. 118 ಇದ್ದದ್ದು 104 ಆಗದೆ, 6.2 ಇದ್ದದ್ದು 5.8. ಸೋಡಾ ಒಂದರಿಂದ್ಲೇ ಅಲ್ಲ, ರಾತ್ರಿ ಅನ್ನ ಕಮ್ಮಿ ಮಾಡಿದ್ದೀನಿ, ಬೆಳಗ್ಗೆ ನಡೀತೀನಿ. ಇನ್ನೂ ಹೊಸ್ತಿಲ ಹತ್ರಾನೇ ಇದ್ದೀನಿ, ಆದ್ರೆ ಹೊರಗಡೆ ಮೆಟ್ಲು ಒಂದು ಇಳ್ದಿದ್ದೀನಿ. ಊರ ಹಬ್ಬದ ದಿನ ಮಗ ತಂದ ಬಾಟ್ಲೀಲಿ ಎರಡು ಗುಟುಕು ಕುಡ್ದೆ, ಅದನ್ನೂ ಹೇಳ್ಬುಡ್ತೀನಿ. ಗಂಟ್ಲಿಗೆ ಅಂಟು ಅಂಟು ಅನ್ನುಸ್ತು. ಮೊದ್ಲು ಇದನ್ನ ಹೆಂಗೆ ಕುಡೀತಿದ್ನೋ ಅನ್ನುಸ್ತು.

ಮೊಮ್ಮಗಳು ಈಗ್ಲೂ ಅಂಗ್ಡಿ ಮುಂದೆ ಹೋಗುವಾಗ ಬಾಟ್ಲಿ ತೋರ್ಸಿ ಅಳ್ತಾಳೆ. ಒಂದೊಂದಿನ ನಾನು ಗೆಲ್ತೀನಿ, ಒಂದೊಂದಿನ ಅವ್ಳ ತಾತ ಸೋಲ್ತಾರೆ.

ಚಿಕ್ಕಮ್ಮಂಗೆ ಫೋನ್ ಮಾಡಿ ಮುಂದಿನ ಭಾನುವಾರ ಬನ್ನಿ ಅಂದಿದ್ದೀನಿ. ಅವ್ರಿಗೂ ಸಕ್ರೆ ಅದೆ, ಮಾತ್ರೆ ನುಂಗ್ತಾರೆ, ನಿಮ್ಗೆಲ್ಲ ಗೊತ್ತು. ಗೊನೇಲಿ ಒಂದು ಎಳೆಕಾಯಿ ಅವ್ರಿಗೆ ಅಂತ ಎತ್ತಿಟ್ಟಿದ್ದೀನಿ, ಕೆತ್ತಿ ಕೈಗೆ ಕೊಟ್ಟು ಪಕ್ಕದಲ್ಲಿ ಕುಂತ್ಕಂಡು ನಮ್ಮವ್ವನ ಕಥೆ ಹೇಳ್ತೀನಿ. ನೀವೂ ಬನ್ನಿ. ಬಾಟ್ಲಿ ಕೊಡ್ನಿಲ್ಲ ಅಂತ ಬ್ಯಾಸ್ರ ಮಾಡ್ಕಬ್ಯಾಡಿ, ಮಜ್ಜಿಗೆ ಎರಡು ಲೋಟ ಕೊಡ್ತೀನಿ.