ಸವೆಯದ ಜಾಗ

ಓಹಾಯೋದಲ್ಲಿ ನಾನು ಬಾಡಿಗೆಗಿರುವ ಮನೆಯ ಹಿಂದೊಂದು ಗ್ಯಾರೇಜಿದೆ. ಅದರಲ್ಲಿ 1932ರ ಫೋರ್ಡ್ ಕಾರೊಂದು ಏಳು ವರ್ಷಗಳಿಂದ ತಯಾರಾಗುತ್ತಲೇ ಇದೆ. ತಯಾರಿಸುತ್ತಿರುವವರು ಮನೆಯ ಮಾಲೀಕರು. ಎಪ್ಪತ್ತನಾಲ್ಕು ವರ್ಷ, ಕಾರ್ಖಾನೆಯೊಂದರಲ್ಲಿ ಡೈ ಮಾಡುವ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿಯ ರೂಢಿಯಂತೆ ಹೆಸರು ಹಿಡಿದೇ ಕರಿ ಎನ್ನುತ್ತಾರೆ. ಹುಬ್ಬಳ್ಳಿಯ ನಾಲಿಗೆಗೆ ಅದು ಒಗ್ಗುವುದಿಲ್ಲ. ಎದುರಿಗೆ ‘ಸರ್’ ಅನ್ನುತ್ತೇನೆ, ಮನಸ್ಸಿನಲ್ಲಿ ಅಜ್ಜ. ಇಲ್ಲಿಯೂ ಅಜ್ಜ ಎಂದೇ ಬರೆಯುತ್ತೇನೆ.

ನನ್ನದು ಇತಿಹಾಸದಲ್ಲಿ ಪಿಎಚ್.ಡಿ. ನಮ್ಮ ಕಡೆಯ ಹಳ್ಳಿಗಳಿಗೆ ಆಯಿಲ್ ಎಂಜಿನ್ನು, ಪಂಪ್‌ಸೆಟ್ಟುಗಳು ಬಂದ ಬಗೆ ನನ್ನ ಸಂಶೋಧನೆಯ ವಿಷಯ. ವಾರವೆಲ್ಲ ಗ್ರಂಥಾಲಯ, ಶನಿವಾರ ಮಾತ್ರ ಗ್ಯಾರೇಜು. ಮೊದಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ಅಜ್ಜ ಕಣ್ಣಿಗೆ ಹಾಕುವ ಕನ್ನಡಕ ಕೊಟ್ಟು, ಕೂದಲು ಕಟ್ಟಿಕೋ ಎಂದರು. ಅಂದಿನಿಂದ ಒಳಗಿದ್ದೇನೆ.

ಸ್ಟ್ರೀಟ್ ರಾಡ್ ಎಂಬ ಹೆಸರು ಕೇಳಿರದವರಿಗೆ ಎರಡು ಮಾತು. ಹಳೆಯ ಕಾರನ್ನು ಅದು ಮೊದಲಿದ್ದ ಹಾಗೇ ಮರಳಿ ಕೂಡಿಸುವ ಹವ್ಯಾಸ ಬೇರೆ. ಸ್ಟ್ರೀಟ್ ರಾಡ್‌ನಲ್ಲಿ ಮೈ ಮಾತ್ರ ಹಳೆಯದು. ಒಳಗಿನ ಎಂಜಿನ್, ಬ್ರೇಕು, ಸ್ಟೀರಿಂಗುಗಳನ್ನು ಕಟ್ಟುವವರು ತಮ್ಮ ಇಷ್ಟದಂತೆ ಬದಲಾಯಿಸುತ್ತಾರೆ. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ವಿ8 ಎಂಜಿನ್ನನ್ನು ಸಾಮಾನ್ಯರ ಕೈಗೆಟಕುವ ಬೆಲೆಯ ಕಾರಿಗೆ ಹಾಕಿತು. ಹಿಂದಿನ ಮಾಡೆಲ್ ಎ ಕಾರಿನ ಶಕ್ತಿ 40 ಅಶ್ವಶಕ್ತಿ, ಇದರದು 65. ಕೆಲವೇ ವರ್ಷಗಳಲ್ಲಿ ಈ ಕಾರುಗಳು ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗವಾಗಿ ಸಿಗತೊಡಗಿದವು. ಕ್ಯಾಲಿಫೋರ್ನಿಯಾದ ಹುಡುಗರು ಅವುಗಳ ಮಡ್‌ಗಾರ್ಡ್ ಕಳಚಿ ಭಾರ ಇಳಿಸಿ, ಮ್ಯೂರಾಕ್‌ನಂಥ ಒಣಗಿದ ಕೆರೆಗಳ ಅಂಗಳದಲ್ಲಿ ಓಡಿಸಿದರು. ಆ ಓಟಗಳಿಗೆ ಗಡಿಯಾರ ಹಿಡಿಯಲು 1937ರಲ್ಲಿ ಒಂದು ಸಂಘವೇ ಹುಟ್ಟಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ಹೊಟ್ಟೆಯ ಕೆಳಗೆ ತೂಗುವ ಇಂಧನದ ಟ್ಯಾಂಕನ್ನೇ ಕಾರಿನ ಮೈಯನ್ನಾಗಿ ಮಾಡಿಕೊಂಡ. ಎಡ್ ಇಸ್ಕೆಂಡೆರಿಯನ್ ಕ್ಯಾಮ್‌ಶಾಫ್ಟ್‌ಗಳನ್ನು ಅರೆದು ಕೊಡುತ್ತ ಹೆಸರಾದ. ಬೇಕಾದ ಭಾಗ ಅಂಗಡಿಯಲ್ಲಿ ಇರಲಿಲ್ಲ, ಆದ್ದರಿಂದ ಮಾಡಿಕೊಂಡರು. ಆಮೇಲೆ ಅದನ್ನೇ ಮಾರುವ ಅಂಗಡಿಗಳು ಹುಟ್ಟಿದವು. ಇಂದು 1932ರ ಫೋರ್ಡಿನ ಇಡೀ ಮೈಯನ್ನು ಹೊಚ್ಚಹೊಸ ಉಕ್ಕಿನಲ್ಲಿ ಕೊಂಡು ತರಬಹುದು.

ಹಾಗಿರುವಾಗ ಏಳು ವರ್ಷ ಏಕೆ? ಕಾರಣ ಎಂಜಿನ್ನು. ಈ ಕಾರಿಗೆ ಜನ ಸಾಮಾನ್ಯವಾಗಿ ಕೂರಿಸುವುದು ಶೆವ್ರೊಲೆ ವಿ8. ಅದಕ್ಕೆ ಬೇಕಾದ ಹಿಡಿಕೆ, ಕೊಳವೆಗಳೆಲ್ಲ ಪೆಟ್ಟಿಗೆಯಲ್ಲಿ ಮನೆಬಾಗಿಲಿಗೇ ಬರುತ್ತವೆ. ಅಜ್ಜ ಕೂರಿಸುತ್ತಿರುವುದು ಅವರ ತಂದೆಯ ಪಿಕಪ್ ಟ್ರಕ್ಕಿನ ಎಂಜಿನ್ನು: ಫೋರ್ಡಿನದೇ 300 ಘನ ಇಂಚಿನ, ಸಾಲಾಗಿ ಆರು ಸಿಲಿಂಡರುಗಳ ಗಟ್ಟಿ ಯಂತ್ರ. ತಂದೆ ಅದರಲ್ಲಿ ಜೋಳ, ಹುಲ್ಲು ಸಾಗಿಸಿದರಂತೆ. ಟ್ರಕ್ಕಿನ ಮೈ ತುಕ್ಕು ತಿಂದು ಹೋಯಿತು, ಎಂಜಿನ್ ಉಳಿಯಿತು. ವಿ8 ಗಿಡ್ಡ ಮತ್ತು ಅಗಲ, ಇದು ಉದ್ದ ಮತ್ತು ಎತ್ತರ. ಇದನ್ನು ಒಳಗೆ ಕೂರಿಸಲು ಎಂಜಿನ್ನಿಗೂ ಕೂರುವವರ ಕಾಲಿಗೂ ನಡುವಿನ ತಗಡಿನ ಗೋಡೆಯನ್ನು ಕತ್ತರಿಸಿ ಹಿಂದಕ್ಕೆ ಸರಿಸಬೇಕಾಯಿತು. ಅಲ್ಲಿಂದ ಮುಂದೆ ಯಾವ ಭಾಗವೂ ಅಂಗಡಿಯದು ಹೊಂದಲಿಲ್ಲ. ಒಂದೊಂದನ್ನೂ ಇಲ್ಲಿಯೇ ಮಾಡಬೇಕು.

ನಾನು ಶುರುವಿನಿಂದ ಕೊನೆಯವರೆಗೆ ನನ್ನ ಕೈಯಲ್ಲೇ ಮಾಡಿದ್ದು ಒಂದೇ ಭಾಗ, ಸ್ಟೀರಿಂಗ್ ಶಾಫ್ಟಿನ ನಡುವಿನ ಬೇರಿಂಗ್ ಹಿಡಿದುಕೊಳ್ಳುವ ಬ್ರ್ಯಾಕೆಟ್. ಶಾಫ್ಟು ಎಂಜಿನ್ನಿನ ಪಕ್ಕದಿಂದ ಸುತ್ತಿ ಕೆಳಗಿಳಿಯಬೇಕು. ಒಂದು ಜಾಯಿಂಟು ಒಂದು ಮಿತಿಯವರೆಗೆ ಮಾತ್ರ ಬಾಗುತ್ತದೆ, ಹೀಗಾಗಿ ಮೂರು ಬೇಕಾದವು. ಎರಡಿದ್ದರೆ ಶಾಫ್ಟು ತಾನಾಗಿಯೇ ನಿಲ್ಲುತ್ತದೆ. ಮೂರಾದರೆ ನಡುವೆ ಕುಣಿಯುತ್ತದೆ, ಆಗ ಚಾಸಿಗೆ ಭದ್ರವಾದ ಒಂದು ಆಸರೆ ಇರಲೇಬೇಕು. ಅದು ಎಲ್ಲಿರಬೇಕೆಂದು ಹೇಳುವ ನಕ್ಷೆ ಯಾವುದೂ ಇಲ್ಲ. ಗಾಡಿಯನ್ನೇ ಕೇಳಬೇಕು.

ಕೇಳುವುದೆಂದರೆ ಹೀಗೆ. ಮೊದಲು ಚಾಸಿಯನ್ನು ಅದು ರಸ್ತೆಯಲ್ಲಿ ನಿಲ್ಲುವ ಎತ್ತರಕ್ಕೆ ಇಟ್ಟು ರಸಮಟ್ಟ ನೋಡುವುದು. ಶಾಫ್ಟಿನ ಬದಲು ಒಂದು ಕಟ್ಟಿಗೆಯ ಕೋಲು ತೂರಿಸಿ ದಾರಿ ಹುಡುಕುವುದು. ಎಂಜಿನ್ನು ರಬ್ಬರಿನ ಮೇಲೆ ಕೂತಿರುವುದರಿಂದ ಓಡುವಾಗ ಅಲುಗುತ್ತದೆ, ಹಾಗಾಗಿ ಅದನ್ನು ಕೈಯಿಂದ ಅತ್ತಿತ್ತ ತೂಗಿ ಕೋಲಿಗೆ ತಾಗುತ್ತದೆಯೇ ಎಂದು ನೋಡುವುದು. ಬೆಳಗಿನ ತಿಂಡಿಯ ಡಬ್ಬದ ರಟ್ಟು ಕತ್ತರಿಸಿ, ಇಟ್ಟು, ಮತ್ತೆ ಕತ್ತರಿಸಿ ಅಚ್ಚು ಮಾಡುವುದು. ನಾಲ್ಕನೇ ರಟ್ಟು ಸರಿ ಕೂತಿತು. ಅದನ್ನು ಪ್ಲೇಟಿನ ಮೇಲಿಟ್ಟು ಗೆರೆ ಎಳೆದೆ. ಪ್ಲೇಟಿನ ದಪ್ಪ ಇಂಚಿನ ಹದಿನಾರರಲ್ಲಿ ಮೂರು ಭಾಗ ಎಂದರು ಅಜ್ಜ. ನನ್ನ ತಲೆಯಲ್ಲಿ ಥಟ್ಟನೆ ಬಂದದ್ದು: ಒಂದೂವರೆ ಸೂತ.

ಸೂತ ಎಂದರೆ ಇಂಚಿನ ಎಂಟನೇ ಒಂದು ಭಾಗ. ಶಾಲೆಯಲ್ಲಿ ನಾನು ಕಲಿತದ್ದು ಮಿಲಿಮೀಟರು. ಸೂತ ಅಪ್ಪನ ಮಾತು. ಹುಬ್ಬಳ್ಳಿಯಲ್ಲಿ ಅಪ್ಪನದು ಒಂದು ಶೆಡ್ಡಿನ ಲೇತ್ ವರ್ಕ್‌ಶಾಪು. ರಾಜಕೋಟದಿಂದ ಬಂದ ಆರಡಿ ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಒಂದು ವೆಲ್ಡಿಂಗ್ ಸೆಟ್ಟು. ಮಧ್ಯಾಹ್ನದ ಬುತ್ತಿ ಕೊಡಲು ಹೋದಾಗ ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದರು: “ಇತ್ತಾಗ ಬರಬ್ಯಾಡವಾ, ಜಡಿ ಸಿಕ್ಕೀತು.” ಲೇತಿನ ಚಕ್ ತಿರುಗುವಾಗ ಉದ್ದ ಜಡೆ ಸಿಕ್ಕರೆ ಜೀವ ಹೋಗುತ್ತದೆ, ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಣ್ಣನಿಗೆ ಜಡೆ ಇರಲಿಲ್ಲ, ಅವನು ಒಳಗೆ ಹೋಗುತ್ತಿದ್ದ. ಜಡೆ ಕಟ್ಟಿಕೊಂಡು ಬಾ ಎಂದು ಮಾತ್ರ ಯಾರೂ ನನಗೆ ಹೇಳಲಿಲ್ಲ.

ಆದರೂ ಹೊಸ್ತಿಲಿನಿಂದ ಕಂಡದ್ದು ಬಹಳ. ರೈತರು ಮುರಿದ ಭಾಗವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು, ಪಂಪಿನ ಶಾಫ್ಟು, ಸವೆದ ಬುಶ್ಶು, ಹಲ್ಲು ಹೋದ ಗಿಯರು. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿರುತ್ತಿತ್ತು, ಇಲ್ಲವೇ ಹೊಸ ಭಾಗ ಬರಲು ವಾರ ಬೇಕಾಗುತ್ತಿತ್ತು. ಹೊಲದಲ್ಲಿ ಮೆಣಸಿನಕಾಯಿ ಅಷ್ಟು ದಿನ ಕಾಯುವುದಿಲ್ಲ. ಅಪ್ಪ ಭಾಗವನ್ನು ಡೀಸೆಲ್ಲಿನಲ್ಲಿ ತೊಳೆದು ಬೆಳಕಿಗೆ ಹಿಡಿಯುತ್ತಿದ್ದರು. ಸವೆದ ಭಾಗವನ್ನು ಸವೆದಲ್ಲೇ ಅಳೆದರೆ ಸವೆತದ ಅಳತೆ ಸಿಗುತ್ತದೆ, ಭಾಗದ್ದಲ್ಲ. ಅಣ್ಣನಿಗೆ ಅವರು ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು: “ಸವಿಲಾರದ ಜಾಗಾ ಹುಡುಕು.” ಬೇರಿಂಗು ಮುಟ್ಟದ ಅಂಚಿನಲ್ಲೋ, ನಟ್ಟಿನ ಕೆಳಗೋ ಒಂದು ಸಣ್ಣ ಉಂಗುರದಷ್ಟು ಜಾಗ ಮೊದಲಿನ ಹಾಗೇ ಉಳಿದಿರುತ್ತದೆ. ಅಲ್ಲಿ ವರ್ನಿಯರ್ ಇಟ್ಟು ಓದಿದರೆ ಆಯಿತು.

ಎರಡೂ ಕಡೆ ಕೆಲಸ ಒಂದೇ. ಕಬ್ಬಿಣವೂ ಒಂದೇ, ಇಂಚೂ ಒಂದೇ. ಬೇರೆಯಾಗುವುದು ವೇಳೆ. ಅಜ್ಜ ಒಂದು ಬ್ರ್ಯಾಕೆಟ್ಟನ್ನು ಮೂರು ಸಲ ಮಾಡುತ್ತಾರೆ. ಮೊದಲಿನದು ಗಟ್ಟಿ ಇಲ್ಲವೆಂದಲ್ಲ, ನೋಡಲು ಚೆನ್ನಾಗಿಲ್ಲವೆಂದು. ತಗಡಿಗೆ ಒಂದು ಚುಕ್ಕೆ ವೆಲ್ಡ್ ಹಾಕಿ, ಅದು ಆರುವವರೆಗೆ ಕಾದು, ದೂರದಲ್ಲಿ ಇನ್ನೊಂದು ಚುಕ್ಕೆ ಹಾಕುತ್ತಾರೆ. ಒಂದೇ ಕಡೆ ಕಾಯಿಸಿದರೆ ತಗಡು ಸೊಟ್ಟಗಾಗುತ್ತದೆ. ಕಾಯುವುದೂ ಅಲ್ಲಿ ಕೆಲಸದ ಭಾಗ. ಅಪ್ಪನಿಗೆ ಕರೆಂಟು ಹೋಗುವುದರೊಳಗೆ ಮುಗಿಸಬೇಕು. ಹೊರಗೆ ರೈತ ಬೀಡಿ ಸೇದುತ್ತ ಕೂತಿರುತ್ತಾನೆ, ಕೊನೆಯ ಬಸ್ಸು ಆರೂವರೆಗೆ. ಅಂಗಡಿಯಲ್ಲಿ ಸಿಗುವುದನ್ನು ಬೇಡವೆಂದು ಬಿಟ್ಟು ಒಬ್ಬರು ಕೈಯಿಂದ ಮಾಡುತ್ತಾರೆ. ಅಂಗಡಿಯಲ್ಲಿ ಸಿಗದೆಂದು ಇನ್ನೊಬ್ಬರು ಮಾಡುತ್ತಾರೆ. ಮೊದಲಿನದಕ್ಕೆ ಕಸ್ಟಮ್ ಫ್ಯಾಬ್ರಿಕೇಶನ್ ಎಂದು ಹೆಸರು. ಎರಡನೆಯದನ್ನು ನಾವು ರಿಪೇರಿ ಅನ್ನುತ್ತೇವೆ.

ಹೆಸರಿನ ಜೊತೆಗೆ ಮರ್ಯಾದೆಯೂ ಬದಲಾಗುತ್ತದೆ. ಇಲ್ಲಿ ಇಂಥ ಕಾರುಗಳ ಮೇಳಗಳಲ್ಲಿ ಜನ ಬಾನೆಟ್ಟಿನೊಳಗೆ ಬಗ್ಗಿ, ಈ ಹಿಡಿಕೆ ಮಾಡಿದವರು ಯಾರು ಎಂದು ಕೇಳುತ್ತಾರೆ. 1948ರಿಂದ ಪತ್ರಿಕೆಗಳು ಈ ಕೆಲಸವನ್ನು ಫೋಟೋ ಸಮೇತ ಬರೆದಿಟ್ಟಿವೆ. ಅಪ್ಪ ಮಾಡಿದ ಭಾಗಗಳೆಲ್ಲ ಬಾವಿಯೊಳಗಿವೆ. ಬಿಲ್ಲಿನಲ್ಲಿ ಬರೆದದ್ದು ‘ಬುಶ್ 1, ಮಜೂರಿ’ ಅಷ್ಟೇ. ನನ್ನ ಸಂಶೋಧನೆಗಾಗಿ ಓದುವ ಕಡತಗಳಲ್ಲಿ ಎಂಜಿನ್ನು ಮಾರಿದವರಿದ್ದಾರೆ, ಕೊಂಡವರಿದ್ದಾರೆ, ಸಾಲ ಕೊಟ್ಟ ಸೊಸೈಟಿಗಳಿವೆ. ಕೆಟ್ಟ ಎಂಜಿನ್ನನ್ನು ಮತ್ತೆ ಓಡಿಸಿದವನು ಎಲ್ಲಿಯೂ ಸಿಗುವುದಿಲ್ಲ. ಮೂವತ್ತು ವರ್ಷದ ಹಳೆಯ ಎಂಜಿನ್ನು ಹೊಲದಲ್ಲಿ ಇನ್ನೂ ನೀರೆತ್ತುತ್ತಿದೆ ಎಂದರೆ, ಅದರೊಳಗೆ ಕಂಪನಿಯ ಕಬ್ಬಿಣ ಎಷ್ಟು, ಇಂಥ ಶೆಡ್ಡುಗಳ ಕಬ್ಬಿಣ ಎಷ್ಟು? ಕಾಗದದಲ್ಲಿ ಇದಕ್ಕೆ ಉತ್ತರವಿಲ್ಲ. ಇದ್ದರೆ ಅದು ಅಪ್ಪನಂಥವರ ಕೈಯಲ್ಲಿದೆ, ಅವರಿಗೆ ಈಗ ಅರವತ್ತು ದಾಟಿದೆ.

ಬ್ರ್ಯಾಕೆಟ್ಟಿನ ಫೋಟೋವನ್ನು ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು ಬಂತು.

“ಯಾರ ಮಾಡ್ಯಾರ ಇದನ್ನ?”

“ನಾನ ಮಾಡೇನಿ ಅಪ್ಪಾ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಒಳಮೂಲಿ ಗುಂಡಗ ಮಾಡೀಯಲ್ಲ, ಛಲೋ ಆತು. ಚೂಪ ಇದ್ರ ಅಲ್ಲಿಂದನ ಸೀಳತೈತಿ.” ಹಿಂದಿನ ಶನಿವಾರ ಅಜ್ಜ ಹೇಳಿದ್ದೂ ಇದೇ ಮಾತು. ಗಾಡಿಯ ಕಥೆಯನ್ನೆಲ್ಲ ಕೇಳಿ ಅಪ್ಪ ನಕ್ಕರು. “ಏಳು ವರ್ಷ ಒಂದ ಗಾಡಿ ಹಿಡಕೊಂಡ ಕುಂತ್ರ ಹೊಟ್ಟಿಗೇನ ತಿಂತಾರ ಅವರು?” ಪಿಂಚಣಿ ಬರುತ್ತದೆ ಎಂದೆ. “ಹಂಗಾರ ಸರಿ ಬಿಡು,” ಎಂದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಲೆಕ್ಕ ಸರಿಹೋದ ಸಮಾಧಾನವಿತ್ತು.

ಆಮೇಲೆ ಬಂತು ನಿಜವಾದ ಸುದ್ದಿ. ಲೇತು ಮಾರುವುದೆಂದು ಮಾಡಿದ್ದಾರೆ. ಕೊಳ್ಳುವವನು ಗುಜರಿಯವನು, ಕಿಲೋ ಲೆಕ್ಕದಲ್ಲಿ. ಅಣ್ಣ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಶೆಡ್ಡಿಗೆ ಬರುವವನಲ್ಲ. ಈಗ ಕೆಲಸವೂ ಕಡಿಮೆ, ಪಂಪು ಕೆಟ್ಟರೆ ಜನ ಹೊಸತೇ ತರುತ್ತಾರೆ. ಎಲ್ಲವೂ ನಿಜ. ಬೇಡ ಎನ್ನಲು ನನಗೇನು ಹಕ್ಕು? ನಾನೂ ಅದನ್ನು ನಡೆಸುವವಳಲ್ಲ. ಅಪ್ಪನ ಬೆನ್ನುನೋವಿನ ಎದುರು ನನ್ನ ನೆನಪಿನ ತೂಕ ಎಷ್ಟು?

ಆದರೂ ಒಂದು ಕೇಳಿದೆ. ಡಿಸೆಂಬರಿನಲ್ಲಿ ರಜೆಗೆ ಬರುತ್ತೇನೆ, ಅಲ್ಲಿಯವರೆಗೆ ಮಾರಬೇಡಿ. ಸವೆದ ಶಾಫ್ಟು ನೋಡಿ ಅಳತೆ ಹೇಗೆ ತೆಗೆಯುತ್ತೀರಿ, ಯಾವ ಕೆಲಸಕ್ಕೆ ಯಾವ ಲೋಹ ಆರಿಸುತ್ತೀರಿ, ಎಲ್ಲವನ್ನೂ ಬರೆದುಕೊಳ್ಳಬೇಕು. ಜೊತೆಗೆ ನಾನೇ ಒಂದು ಬುಶ್ಶು ತಿರುವಬೇಕು, ನೀವು ಪಕ್ಕದಲ್ಲಿ ನಿಲ್ಲಬೇಕು.

“ಅದನೇನ ಬರಕೋತಿ? ಮೊದಲ ಪಿಎಚ್.ಡಿ ಮುಗಸು,” ಎಂದು ಫೋನಿಟ್ಟರು.

ಇದೇ ನನ್ನ ಪಿಎಚ್.ಡಿ ಎಂದು ಅವರಿಗೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿದೆ. ಮೂರನೇ ದಿನ ಅವರಿಂದಲೇ ಒಂದು ಮೆಸೇಜು ಬಂತು. ಲೇತಿನ ಬಗ್ಗೆ ಏನೂ ಇರಲಿಲ್ಲ. ಇದ್ದದ್ದು ಒಂದೇ ಸಾಲು: “ಡಿಸೆಂಬರದಾಗ ಎಷ್ಟನೇ ತಾರೀಖಿಗೆ ಬರ್ತಿ?”