ಹಿರೇಗುತ್ತಿಯಿಂದ ಮಿರ್ಜಾನಿಗೆ

ಬೇಸಿಗೆ ರಜೆಯಲ್ಲಿ ಗ್ರೀಸಿನ ದ್ವೀಪಗಳಲ್ಲಿ ಊರಿಂದೂರಿಗೆ ನಡೆಯುತ್ತಾ ಹಾಳುಬಿದ್ದ ಪಟ್ಟಣಗಳನ್ನು ನೋಡುವವರಿದ್ದಾರೆ. ಭೂಮಿಯಲ್ಲಿ ಸಂಚರಿಸಿ ಗತಿಸಿದವರ ಕುರುಹು ನೋಡಬೇಕೆಂಬ ಕುರ್‌ಆನಿನ ಕರೆಗೆ ಓಗೊಡಲು ನಮಗೆ ವಿಮಾನದ ಟಿಕೆಟೇ ಬೇಕೆಂದಿಲ್ಲ.

ಫಜ್ರ್ ನಮಾಝ್ ಮುಗಿಸಿ, ಬಿಸಿಲೇರುವ ಮುನ್ನ ಹಿರೇಗುತ್ತಿಯಿಂದ ದಕ್ಷಿಣಕ್ಕೆ ನಡೆದರೆ ಮಿರ್ಜಾನ್ ಕೋಟೆ. (ಹೆದ್ದಾರಿಯಲ್ಲಿ ಲಾರಿಗಳ ಭರಾಟೆ, ಮಕ್ಕಳ ಕೈ ಬಿಡಬೇಡಿ.) ಚಿರೆಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಆಳವಾದ ಬಾವಿಗಳು. 16ನೇ ಶತಮಾನದಲ್ಲಿ ಇದು ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯ ಕೈಯಲ್ಲಿತ್ತು. 1552ರಿಂದ 1606ರವರೆಗೆ, ಬರೋಬ್ಬರಿ 54 ವರ್ಷ ಆಳಿದಾಕೆ! ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು.

ಆದರೆ ಕೋಟೆಗಿಂತ ನನ್ನನ್ನು ಹೆಚ್ಚು ಕಾಡುವುದು, ಒಂದು ಕಲ್ಲೂ ಉಳಿಯದ ಇನ್ನೊಂದು ಸಂಗತಿ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡ. ಅಲ್ಲಿನ ಮಹಿಳೆಯರಿಗೆ ಕುರ್‌ಆನ್ ಕಂಠಪಾಠವಾಗಿತ್ತು. ಅವರು ಉಡುತ್ತಿದ್ದುದು ಹೊಲಿಯದ ಬಟ್ಟೆ, ಮೂಗಿಗೆ ಚಿನ್ನದ ಮೂಗುತಿ. ಅಂದರೆ ನಮ್ಮ ಅಜ್ಜಿಯಂದಿರಂತೆಯೇ. ಇಂತಹ ಶಾಲೆಗಳನ್ನು ಬೇರೆಲ್ಲೂ ಕಂಡಿಲ್ಲವೆಂದು ಬರೆದವನು ಮಕ್ಕಾ, ಡಮಾಸ್ಕಸ್, ದಿಲ್ಲಿಗಳನ್ನೆಲ್ಲ ನೋಡಿ ಬಂದವನು.

ಹತ್ತನೇ ತರಗತಿಯ ನಂತರ ಹುಡುಗಿಗೆ ಓದೇಕೆ ಎನ್ನುವವರು ಮನೆಯಲ್ಲಿದ್ದರೆ, ಮಿರ್ಜಾನಿನಿಂದ ಬಸ್ಸು ಹತ್ತಿಸಿ ಹೊನ್ನಾವರಕ್ಕೂ ಕರೆದೊಯ್ಯಿರಿ. ಶರಾವತಿ ಕಡಲು ಸೇರುವಲ್ಲಿ ಕುಳಿತು ಈ 13ರ ಲೆಕ್ಕ ಹೇಳಿ. ಕಡಲಲ್ಲಿ ಬಸವರಾಜದುರ್ಗವೆಂಬ ದ್ವೀಪಕೋಟೆಯೂ ಇದೆ, ಮಕ್ಕಳಿಗೆ ತೋರಿಸಲು ಮರೆಯದಿರಿ.