ಹಿತ್ತಿಲ ಕೊಳ

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಗಿಡಗಳಿಗೆ ನೀರು ತುಂಬಿಡಲು ಕಟ್ಟಿಸಿದ್ದ ಸಿಮೆಂಟ್ ತೊಟ್ಟಿಯೊಂದಿತ್ತು. ಕಳೆದ ವರ್ಷ ಬೇಸಿಗೆಯ ಒಂದು ಮುಂಜಾನೆ ಅದರಲ್ಲಿ ಅಳಿಲೊಂದು ಸತ್ತು ತೇಲುತ್ತಿತ್ತು. ನೀರಡಿಸಿ ಇಳಿದ ಜೀವ ನುಣುಪಾದ ಗೋಡೆಯನ್ನು ಏರಲಾರದೆ ಮುಳುಗಿತ್ತು. ಆರು ವರ್ಷದ ಮೊಮ್ಮಗಳು, “ತಾತ, ಅದಕ್ಕೆ ಮೇಲೆ ಬರೋಕೆ ದಾರಿ ಯಾಕೆ ಮಾಡಿರಲಿಲ್ಲ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಅರ್ಕಾವತಿ ಹರಿಯುವ ಈ ಸೀಮೆಯಲ್ಲಿ ಹಿರಿಯರು ಕಟ್ಟಿದ ಕೆರೆಗಳಿಗೆ ಒಂದು ಕಡೆ ಏರಿಯಾದರೆ, ಎದುರು ಕಡೆ ದನಕರು ಇಳಿದು ಹತ್ತುವ ಇಳಿಜಾರು ನೆಲ. ಮನೆಯ ತೊಟ್ಟಿಯಲ್ಲಿ ನಾವು ಅದನ್ನೇ ಮರೆತಿದ್ದೆವು.

ತೊಟ್ಟಿಯನ್ನು ಒಡೆಸಿ, ಮಳೆಗೆ ಮುನ್ನ ಎಂಟಡಿ ಉದ್ದ, ಆರಡಿ ಅಗಲದ ಕೊಳ ತೋಡಿದೆವು. ನಡುವೆ ಎರಡಡಿ ಆಳ. ಒಂದು ಬದಿ ಇಳಿಜಾರು, ಅದರ ಮೇಲೆ ಒರಟು ಕಲ್ಲುಗಳು. ನಮ್ಮ ಕೆಂಪು ಮಣ್ಣು ನೀರನ್ನು ಹಿಡಿದಿಡದು. ಆದುದರಿಂದ ಜೇಡಿಮಣ್ಣನ್ನು ಕಲಸಿ, ಗೇಣುದಪ್ಪ ಹಾಕಿ ತುಳಿದೆವು. ಮಾಳಿಗೆಯ ಮಳೆನೀರನ್ನು ಅದಕ್ಕೆ ತಿರುಗಿಸಿದೆವು. ನಡುವೆ ನೈದಿಲೆ, ಅಂಚಿನಲ್ಲಿ ಬಜೆ ಮತ್ತು ಒಂದೆಲಗ ನೆಟ್ಟೆವು. ನೀರನ್ನೆಲ್ಲ ಮುಚ್ಚಿಬಿಡುವ ಅಂತರಗಂಗೆಯನ್ನು ಹತ್ತಿರ ಸೇರಿಸಲಿಲ್ಲ.

ಮನೆಯಾಕೆಗೆ ಎರಡು ಭಯ: ಮಗು ಮತ್ತು ಸೊಳ್ಳೆ. ಮಗುವಿಗಾಗಿ ಸುತ್ತ ಬಿದಿರಿನ ಬೇಲಿ ಹಾಕಿ, ಅಳಿಲು, ಓತಿಗಳು ನುಸುಳುವಷ್ಟು ಸಂದು ಬಿಟ್ಟೆವು. ದೊಡ್ಡವರಿಲ್ಲದೆ ಒಳಗೆ ಹೋಗಬಾರದೆಂಬ ಕಟ್ಟಪ್ಪಣೆಯೂ ಆಯಿತು. ಸೊಳ್ಳೆಮರಿ ತಿನ್ನುವ ಗ್ಯಾಂಬೂಸಿಯಾ ಮೀನು ಬಿಡಿರೆಂದು ಕೆಲವರು ಹೇಳಿದರು. ಆದರೆ ಅದು ಕಪ್ಪೆಯ ಮರಿಗಳನ್ನೂ ಬಿಡದು. ಆದಕಾರಣ ಮೊದಲ ವಾರಗಳಲ್ಲಿ ದಿನವೂ ತೆಳುಬಟ್ಟೆಯಿಂದ ಸೊಳ್ಳೆಮರಿಗಳನ್ನು ಸೋಸಿದೆವು. ಮಳೆ ಹಿಡಿದಾಗ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟಗಳು ಬಂದು ಮೊಟ್ಟೆಯಿಟ್ಟವು. ನೀರಿನಲ್ಲೇ ಬೆಳೆಯುವ ಅವುಗಳ ಮರಿಗಳಿಗೆ ಸೊಳ್ಳೆಮರಿಯೇ ಆಹಾರ. ಆದರೂ ವಾರಕ್ಕೊಮ್ಮೆ ನೀರನ್ನು ಪರೀಕ್ಷಿಸುವುದನ್ನು ನಾವು ಬಿಟ್ಟಿಲ್ಲ.

ಮಂಡ್ಯ ಜಿಲ್ಲೆಯ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದ ಪ್ರಾಣಿಪಕ್ಷಿಗಳಿಗಾಗಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ನಿರ್ಮಿಸಿ 2022ರಲ್ಲಿ ತೀರಿಕೊಂಡರು. ಅವರ ಮುಂದೆ ನಮ್ಮದು ಒಂದು ಬೊಗಸೆ ನೀರು.

ಮೊನ್ನೆ ಸಂಜೆ ಅಳಿಲೊಂದು ಕಲ್ಲುಗಳ ಮೇಲಿಂದ ಇಳಿದು, ನೀರು ಕುಡಿದು, ಬಂದ ದಾರಿಯಲ್ಲೇ ಹತ್ತಿ ಹೋಯಿತು. ಮೊಮ್ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು, ನಾವೂ ಹಾಗೆಯೇ. ಕೊಳಕ್ಕೆ ಸ್ಥಳವಿಲ್ಲದ ಬಂಧುಗಳು ತಮ್ಮ ತೊಟ್ಟಿಯಲ್ಲಿ ಒಂದು ಒರಟು ಕೋಲನ್ನಾದರೂ ಓರೆಯಾಗಿ ಇರಿಸಲಿ.